ಹೂಜಿ ಗಿಡಕ್ಕೆ ಗೊಬ್ಬರ ಬೇಡ, ಮಳೆನೀರು ಕೊಡಿ

ಎಲೆಯ ತುದಿಯ ಹೂಜಿಯಲ್ಲಿ ಹುಳ ಹಿಡಿದು ತಿನ್ನುವ ಗಿಡ, ಹೂಜಿ ಗಿಡ. ನನ್ನ ಮೊದಲ ಹೂಜಿ ಗಿಡ ಸತ್ತಿದ್ದು ಎರೆಗೊಬ್ಬರದಿಂದ. ತಂದ ಎರಡನೇ ವಾರವೇ ಬುಡಕ್ಕೆ ಎರಡು ಮುಷ್ಟಿ ಹಾಕಿದ್ದೆ. ಶಿರಸಿ ಕಡೆಯ ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಗಿಡ ಸಪ್ಪಗೆ ಕಂಡರೆ ಬುಡಕ್ಕೆ ಗೊಬ್ಬರ ಹಾಕಬೇಕು ಅನ್ನೋದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. 20 ದಿನದೊಳಗೆ ಎಲೆಗಳ ಅಂಚು ಸುಟ್ಟ ಹಾಗೆ ಕಂದಾಯಿತು. ಆಮೇಲೆ ನಡುವಿನ ಸುಳಿಯೇ ಕಪ್ಪಾಯಿತು. ಪಾಟಿನಿಂದ ಎತ್ತಿ ನೋಡಿದೆ. ಬೇರನ್ನು ಬೆರಳಲ್ಲಿ ಹಿಡಿದರೆ ಸಿಪ್ಪೆ ಜಾರಿ ಕೈಗೆ ಬರುತ್ತಿತ್ತು.

ಆ ಬೇಸರದಲ್ಲಿ ಆರು ತಿಂಗಳು ಇನ್ನೊಂದು ತರಲಿಲ್ಲ. ಆಮೇಲೆ ತಂದದ್ದು ಈಗ ಕಾರವಾರದಲ್ಲಿ, ಕೋಡಿಬಾಗದ ನಮ್ಮ ಬಾಡಿಗೆ ಮನೆಯ ಪೂರ್ವದ ಕಿಟಕಿಯಲ್ಲಿದೆ. 6 ವರ್ಷ ಆಯಿತು. ಇವತ್ತು ಬೆಳಿಗ್ಗೆ ಎಣಿಸಿದೆ, 14 ಹೂಜಿ ನೇತಾಡುತ್ತಿವೆ. ಅದರದೇ ಒಂದು ಕಡ್ಡಿಯಿಂದ ಮಾಡಿದ ಗಿಡ ಶಿರಸಿಯಲ್ಲಿ ಆಯಿಯ, ಅಂದರೆ ಅಮ್ಮನ, ಹತ್ತಿರ ಇದೆ. ಒಂದೇ ಗಿಡ, ಎರಡು ಊರು. ಒಂದು ಸಮುದ್ರದ ಪಕ್ಕದ ಸೆಕೆಯಲ್ಲಿ, ಇನ್ನೊಂದು ಸುಮಾರು 600 ಮೀಟರ್ ಎತ್ತರದಲ್ಲಿ, ಘಟ್ಟದ ಮೇಲಿನ ಥಂಡಿಯಲ್ಲಿ. ಎರಡನ್ನೂ ನೋಡಿಕೊಳ್ಳುತ್ತಾ ನನಗೆ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಗಿಡ ನನ್ನ ಮೊದಲ ಗಿಡದ ಹಾಗೆ ಸಾಯಬಾರದು, ಅಷ್ಟೇ ನನ್ನ ಆಸೆ.

ಮೊದಲು ಒಂದು ಮಾತು ಮನಸ್ಸಿಗೆ ಬರಬೇಕು. ಈ ಗಿಡ ಹುಳ ಹಿಡಿಯುವುದು ಯಾಕೆ? ಅದು ಬೆಳೆಯುವ ಜಾಗದ ಮಣ್ಣಿನಲ್ಲಿ ಸತ್ವ ಇಲ್ಲ. ಮಳೆ ಎಲ್ಲವನ್ನೂ ತೊಳೆದುಕೊಂಡು ಹೋಗಿರುತ್ತದೆ. ಸಾರಜನಕ ಬೇರಿಗೆ ಸಿಗುವುದಿಲ್ಲ ಅಂತ ಎಲೆಯ ತುದಿಯನ್ನೇ ಹೂಜಿ ಮಾಡಿಕೊಂಡು, ಅದರಲ್ಲಿ ಬಿದ್ದ ಹುಳವನ್ನು ಕರಗಿಸಿ ಹೀರಿಕೊಳ್ಳುತ್ತದೆ. ಬೇರಿನ ಕೆಲಸ ನೀರು ಕುಡಿಯುವುದು, ಗಿಡವನ್ನು ಹಿಡಿದುಕೊಳ್ಳುವುದು. ಅಂಥ ಬೇರಿನ ಮೇಲೆ ಗೊಬ್ಬರ ಸುರಿದರೆ ಅದು ಸುಟ್ಟುಹೋಗುತ್ತದೆ. ಸುಡದೆ ಉಳಿದರೂ, ಊಟ ಬುಡದಲ್ಲೇ ಸಿಕ್ಕ ಮೇಲೆ ಗಿಡ ಹೂಜಿ ಮಾಡುವ ಕಷ್ಟವನ್ನೇ ಬಿಟ್ಟುಬಿಡುತ್ತದೆ. ಬರೀ ಎಲೆ ಬರುತ್ತದೆ. ಹಾಗಾಗಿ ಎರೆಗೊಬ್ಬರ, ಸಗಣಿ ನೀರು, ಜೀವಾಮೃತ, ಬೂದಿ, ಅಕ್ಕಿ ತೊಳೆದ ನೀರು, ಯಾವುದೂ ಬೇಡ. ಇಲ್ಲಿ ಪಕ್ಕದ ಮನೆಯ ಅಕ್ಕ ಪ್ರೀತಿಯಿಂದಲೇ ಕೇಳಿದ್ದರು, "ಮೀನು ತೊಳೆದ ನೀರು ಹಾಕ್ಲಾ? ನಮ್ಮ ಗುಲಾಬಿಗೆ ಅದೇ ಹಾಕೋದು" ಅಂತ. ಗುಲಾಬಿಗೆ, ಕರಿಬೇವಿಗೆ ಅದು ಒಳ್ಳೆಯದೇ. ಇದಕ್ಕೆ ವಿಷ.

ಯಾವ ಗಿಡ ತರಬೇಕು

ಹೂಜಿ ಗಿಡದ ಕುಲದ ಹೆಸರು ನೆಪೆಂಥಿಸ್. ಇದರಲ್ಲಿ 170ಕ್ಕಿಂತ ಜಾಸ್ತಿ ಜಾತಿಗಳಿವೆ. ಹೆಚ್ಚಿನವು ಬೋರ್ನಿಯೊ, ಸುಮಾತ್ರಾ, ಫಿಲಿಪೈನ್ಸ್ ದ್ವೀಪಗಳವು. ನಮ್ಮ ದೇಶದ ಕಾಡಿನಲ್ಲಿ ಇರುವುದು ಒಂದೇ, ಮೇಘಾಲಯದ ನೆಪೆಂಥಿಸ್ ಖಾಸಿಯಾನಾ. ನಮ್ಮ ಘಟ್ಟದಲ್ಲಿ ಹೂಜಿ ಗಿಡ ಇಲ್ಲ. ಆದರೆ ಹುಳ ತಿನ್ನುವ ಗಿಡ ಇಲ್ಲ ಅಂದುಕೊಳ್ಳಬೇಡಿ. ಮಳೆಗಾಲದಲ್ಲಿ ಚಿರೇಕಲ್ಲಿನ ಬಯಲುಗಳ ಮೇಲೆ ಬಗ್ಗಿ ನೋಡಿದರೆ ಎಲೆಯ ತುಂಬಾ ಅಂಟಿನ ಹನಿ ಹೊತ್ತ ಡ್ರೋಸೆರಾ ಕಾಣುತ್ತದೆ. ನೀರು ನಿಂತ ಕಡೆ ನೀಲಿ ಹೂವಿನ ಯುಟ್ರಿಕ್ಯುಲೇರಿಯಾ ಇರುತ್ತದೆ. ಅವನ್ನು ನೋಡಿ ಖುಷಿಪಡಿ, ಕಿತ್ತು ತರಬೇಡಿ.

ಖಾಸಿಯಾನಾ ಗಿಡವನ್ನು ಕಾಡಿನಿಂದ ಕಿತ್ತು ಮಾರುವವರಿದ್ದಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ರಕ್ಷಣೆ ಪಡೆದ ಗಿಡ ಅದು. ಅಂಥದ್ದನ್ನು ದಯವಿಟ್ಟು ಕೊಳ್ಳಬೇಡಿ.

ಅಂಗಡಿಯವರು ಸುಮ್ನೆ "ಪಿಚರ್ ಪ್ಲಾಂಟ್" ಅಂತ ಕೊಡುತ್ತಾರೆ. ನೀವು ಹೆಸರು ಕೇಳಿ. ಹೂಜಿ ಗಿಡಗಳಲ್ಲಿ ಎತ್ತರದ ಬೆಟ್ಟದವು, ತಗ್ಗಿನ ಕಾಡಿನವು ಅಂತ ಎರಡು ಗುಂಪು. ಬೆಟ್ಟದವಕ್ಕೆ ರಾತ್ರಿ ಚೆನ್ನಾಗಿ ತಣ್ಣಗಾಗಬೇಕು. ಬೋರ್ನಿಯೊದ ಕಿನಬಾಲು ಪರ್ವತದ ನೆಪೆಂಥಿಸ್ ರಾಜಾ ಅಂಥದ್ದು. ಅದರ ಹೂಜಿಯಲ್ಲಿ ಎರಡು ಲೀಟರ್ ನೀರು ಹಿಡಿಯುತ್ತದೆ ಅಂತ ಆಸೆಯಾಗುತ್ತದೆ, ನನಗೂ ಆಗಿತ್ತು. ಆದರೆ ಮೇ ತಿಂಗಳ ಕಾರವಾರದ ರಾತ್ರಿಯಲ್ಲಿ ಅದು ಬದುಕುವುದಿಲ್ಲ.

ಮೊದಲ ಸಲ ತರುವವರಿಗೆ ನಾನು ಹೇಳುವುದು ವೆಂಟ್ರಾಟಾ. ಫಿಲಿಪೈನ್ಸಿನ ವೆಂಟ್ರಿಕೋಸಾ, ಅಲಾಟಾ ಅನ್ನುವ ಎರಡು ಜಾತಿಗಳ ಮಿಶ್ರತಳಿ ಅದು. ಸೆಕೆಯನ್ನೂ ತಡೆಯುತ್ತದೆ, ಚಳಿಯನ್ನೂ ತಡೆಯುತ್ತದೆ. ನನ್ನದೂ ಅದೇ, ಆಯಿಯದೂ ಅದೇ. ಕರಾವಳಿಯಲ್ಲೇ ಇರುವವರಾದರೆ ತಗ್ಗಿನ ಜಾತಿಗಳಾದ ಮಿರಾಬಿಲಿಸ್, ಆಂಪುಲೇರಿಯಾ ಕೂಡ ಚೆನ್ನಾಗಿ ಬರುತ್ತವೆ. ಆಂಪುಲೇರಿಯಾದ ವಿಷಯ ಕೇಳಿದಾಗ ನನಗೆ ತೋಟಕ್ಕೆ ಸೊಪ್ಪು, ತರಗೆಲೆ ತರುವ ನಮ್ಮ ಸೊಪ್ಪಿನ ಬೆಟ್ಟವೇ ನೆನಪಾಯಿತು. ಅದರ ದುಂಡು ಹೂಜಿಗಳು ನೆಲದ ಮೇಲೆ ಗುಂಪಾಗಿ ಬಾಯಿ ತೆರೆದು ಕೂತಿರುತ್ತವೆ. ಮೇಲಿನ ಮರಗಳಿಂದ ಬಿದ್ದ ತರಗೆಲೆ ಅದರೊಳಗೆ ಕೊಳೆತು ಗಿಡಕ್ಕೆ ಸಾರಜನಕದ ಒಂದು ಪಾಲು ಕೊಡುತ್ತದೆ. ಮುಚ್ಚಳವೂ ಹಿಂದಕ್ಕೆ ಮಡಚಿಕೊಂಡಿರುತ್ತದೆ, ಎಲೆ ಬೀಳಲಿ ಅಂತ.

ಬೀಜ ಮಾತ್ರ ತರಿಸಬೇಡಿ. ನಾನು ಒಮ್ಮೆ ಆನ್‌ಲೈನಿನಲ್ಲಿ ತರಿಸಿ ಮೋಸಹೋದೆ. ಬಂದದ್ದು ದುಂಡನೆಯ ಗಟ್ಟಿ ಕಾಳು. ಹೂಜಿ ಗಿಡದ ಬೀಜ ಕೂದಲಿನಷ್ಟು ತೆಳ್ಳಗೆ, ಎರಡೂ ತುದಿ ಚೂಪಾಗಿ, ಊದಿದರೆ ಹಾರಿಹೋಗುವ ಹಾಗೆ ಇರುತ್ತದೆ. ನಿಜವಾದ ಬೀಜವೂ ಬೇಗ ಹಳೆಯದಾಗಿ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ.

ಹೊಸ ಗಿಡ ಮನೆಗೆ ಬಂದ ಮೇಲೆ ಇರುವ ಹೂಜಿಗಳೆಲ್ಲ ಒಂದೊಂದಾಗಿ ಒಣಗುತ್ತವೆ. ಹೆದರಬೇಡಿ. ಗಾಳಿ ಬದಲಾಯಿತು, ಬೆಳಕು ಬದಲಾಯಿತು, ಅದಕ್ಕೆ. ಹೊಸ ಎಲೆ ಬರುತ್ತಿದೆಯಾ ಅಂತ ಮಾತ್ರ ನೋಡಿ. ಸುಳಿ ಹಸಿರಾಗಿದ್ದರೆ ಗಿಡ ಬದುಕಿದೆ. ನನ್ನದು ಹೊಸ ಹೂಜಿ ಬಿಡಲು ಎರಡೂವರೆ ತಿಂಗಳು ತೆಗೆದುಕೊಂಡಿತು.

ನೀರು

ಎಲ್ಲಕ್ಕಿಂತ ದೊಡ್ಡ ವಿಷಯ ಇದು. ಬೆಳಕು ಸ್ವಲ್ಪ ಕಡಿಮೆಯಾದರೆ ಗಿಡ ಸಪ್ಪಗಾಗುತ್ತದೆ, ಸರಿಮಾಡಬಹುದು. ನೀರು ತಪ್ಪಾದರೆ ಬೇರು ಹೋಗುತ್ತದೆ.

ನೀರಿನಲ್ಲಿ ಕರಗಿದ ಲವಣ ಈ ಗಿಡಕ್ಕೆ ಆಗುವುದಿಲ್ಲ. ಅದನ್ನು ಅಳೆಯಲು ಟಿಡಿಎಸ್ ಮೀಟರ್ ಅಂತ ಪೆನ್ನಿನಷ್ಟು ಸಣ್ಣ ಯಂತ್ರ ಸಿಗುತ್ತದೆ, ಕೆಲವು ನೂರು ರೂಪಾಯಿ ಅಷ್ಟೇ. ಗಿಡ ತರುವ ಮೊದಲೇ ಅದನ್ನು ತನ್ನಿ ಅನ್ನುತ್ತೇನೆ. 50ಕ್ಕಿಂತ ಕಡಿಮೆ ತೋರಿಸಿದರೆ ನಿಶ್ಚಿಂತೆ. 100ರವರೆಗೂ ನಡೆಯುತ್ತದೆ. ಅದರ ಮೇಲೆ ಬೇಡ.

ನಾನು ಅಳೆದದ್ದು ಹೇಳುತ್ತೇನೆ. ಜುಲೈಯ ಮಳೆನೀರು, ಮಾಡಿನಿಂದ ಇಳಿದದ್ದು, 9. ಶಿರಸಿ ಮನೆಯ ಬಾವಿ 62. ನಮ್ಮ ಆಫೀಸಿನ ಆರ್‌ಒ ನೀರು 38. ಇಲ್ಲಿನ ಬಾಡಿಗೆ ಮನೆಯ ಬಾವಿ ಆಗಸ್ಟಿನಲ್ಲಿ 140 ಇದ್ದದ್ದು ಮೇ ತಿಂಗಳಲ್ಲಿ 410. ಕಾಳಿ ನದಿ ಸಮುದ್ರ ಸೇರುವ ಜಾಗ ಇದು. ಬೇಸಿಗೆಯಲ್ಲಿ ಬಾವಿಯ ನೀರು ಇಳಿದ ಹಾಗೆ ಉಪ್ಪು ಒಳಗೆ ಬರುತ್ತದೆ, ಚಹಾದಲ್ಲೇ ಗೊತ್ತಾಗುತ್ತದೆ. ಬಾಯಿಗೆ ಉಪ್ಪು ಅನ್ನಿಸುವ ಮೊದಲೇ ಈ ಗಿಡಕ್ಕೆ ಅನ್ನಿಸಿರುತ್ತದೆ. ಕುದಿಸಿ ಆರಿಸಿದರೆ ಆಗುತ್ತದಾ ಅಂತ ಕೇಳುತ್ತಾರೆ. ಆಗುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಪಾತ್ರೆಯಲ್ಲೇ ಉಳಿಯುತ್ತದೆ.

ಆದರೆ ನಮ್ಮ ಜಿಲ್ಲೆಯವರಿಗೆ ನೀರಿನ ಚಿಂತೆ ಇರಬಾರದು, ಅಲ್ವಾ? ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ಕೊಡುತ್ತದೆ. ಶೇಖರಿಸಿ ಇಡಬೇಕು, ಅಷ್ಟೇ. ನಾನು ಲೆಕ್ಕ ಹಾಕಿದ್ದು ಹೀಗೆ: 6 ಇಂಚಿನ ಪಾಟಿನ ಒಂದು ಗಿಡಕ್ಕೆ ವಾರಕ್ಕೆ ಸುಮಾರು 2 ಲೀಟರ್ ಬೇಕು. ನವೆಂಬರ್‌ನಿಂದ ಮೇ ಕೊನೆಯವರೆಗೆ 30 ವಾರ. ಅಂದರೆ 60 ಲೀಟರ್, 20 ಲೀಟರಿನ ಮೂರು ಕ್ಯಾನ್. ಮೊದಲ ವಾರದ ಮಳೆಯನ್ನು ಹಿಡಿಯಬೇಡಿ. ಹಂಚಿನ ಮೇಲಿನ ಧೂಳು, ಎಲೆ, ಹಕ್ಕಿಯ ಹಿಕ್ಕೆ ಎಲ್ಲ ತೊಳೆದು ಹೋಗಲಿ. ಜುಲೈಯಲ್ಲಿ ಹಿಡಿಯಿರಿ. ಹಳೆಯ ಪಂಚೆಯ ತುಂಡಿನಲ್ಲಿ ಸೋಸಿ, ಕ್ಯಾನಿನ ಬಾಯಿ ಗಟ್ಟಿಯಾಗಿ ಮುಚ್ಚಿ, ಬೆಳಕು ಬೀಳದ ಕಡೆ ಇಡಿ. ಬೆಳಕು ಬಿದ್ದರೆ ಪಾಚಿ ಕಟ್ಟುತ್ತದೆ, ಬಾಯಿ ತೆರೆದಿದ್ದರೆ ಸೊಳ್ಳೆ ಮೊಟ್ಟೆ ಇಡುತ್ತದೆ. ಎಸಿಯ ಪೈಪಿನಿಂದ ತೊಟ್ಟಿಕ್ಕುವ ನೀರೂ ಆಗುತ್ತದೆ, ಮೀಟರಿನಲ್ಲಿ ಒಮ್ಮೆ ನೋಡಿ ಹಾಕಿ.

ಹಾಕುವ ಕ್ರಮ ಸುಲಭ. ಮೇಲಿನಿಂದ ನಿಧಾನಕ್ಕೆ ಹಾಕಿ, ಕೆಳಗಿನ ತೂತಿನಿಂದ ಚೆನ್ನಾಗಿ ಹರಿದು ಹೋಗುವಷ್ಟು ಹಾಕಿ. ಆಮೇಲೆ ಮೇಲಿನ ಪದರ ಕೈಗೆ ಒಣ ಅನ್ನಿಸುವವರೆಗೆ ಬಿಡಿ. ಒಳಗೆ ಹಸಿ ಇರಲೇಬೇಕು, ಪೂರ್ತಿ ಒಣಗಬಾರದು. ನಾನು ಪಾಟನ್ನು ಎತ್ತಿ ನೋಡುತ್ತೇನೆ. ನಾಲ್ಕು ಸಲ ಎತ್ತಿದರೆ ಕೈಗೆ ತೂಕ ಗೊತ್ತಾಗುತ್ತದೆ. ಪಾಟಿನ ಕೆಳಗೆ ತಟ್ಟೆ ಇಟ್ಟಿದ್ದರೆ ಅದರಲ್ಲಿ ನೀರು ನಿಲ್ಲಿಸಬೇಡಿ. ಅಮೆರಿಕದ ಸರಸೇನಿಯಾ ಅನ್ನುವ ಬೇರೆ ಹೂಜಿ ಗಿಡ ನೀರಿನಲ್ಲಿ ನಿಲ್ಲುತ್ತದೆ. ಆ ಸಲಹೆಯನ್ನು ಇದಕ್ಕೆ ಹಚ್ಚಿದವರ ಗಿಡ ಕೊಳೆತದ್ದನ್ನು ನೋಡಿದ್ದೇನೆ.

ಬೆಳಕು, ಗಾಳಿ

ಹೂಜಿ ಬರುತ್ತಿಲ್ಲ ಅಂತ ನನ್ನನ್ನು ಕೇಳಿದವರಲ್ಲಿ ಹೆಚ್ಚಿನವರ ಮನೆಯಲ್ಲಿ ಗಿಡ ಇದ್ದದ್ದು ಟಿವಿ ಪಕ್ಕದಲ್ಲೋ ಶೋಕೇಸಿನ ಮೇಲೋ. ನಮ್ಮ ಕಣ್ಣಿಗೆ ಬೆಳಕಿದೆ ಅನ್ನಿಸುವ ಜಾಗ ಗಿಡಕ್ಕೆ ಕತ್ತಲೆ. ಪೂರ್ವದ ಕಿಟಕಿ ಎಲ್ಲಕ್ಕಿಂತ ಒಳ್ಳೆಯದು. ಬೆಳಗಿನ ಎರಡು ಮೂರು ಗಂಟೆಯ ಎಳೆ ಬಿಸಿಲು, ಉಳಿದ ಹೊತ್ತು ತೆರೆದ ಆಕಾಶದ ಬೆಳಕು. ಕಾರವಾರದಲ್ಲಿ ಪಶ್ಚಿಮದ ಕಿಟಕಿಗೆ ಮಧ್ಯಾಹ್ನದ ಮೇಲೆ ಸಮುದ್ರದ ಕಡೆಯಿಂದ ಬರುವ ಬಿಸಿಲು ಬಹಳ ಖಾರ. ತೆಳು ಪರದೆ ಹಾಕದಿದ್ದರೆ ಎಲೆ ಸುಡುತ್ತದೆ.

ಎಲೆಯೇ ನಿಮಗೆ ಹೇಳುತ್ತದೆ. ದೊಡ್ಡ ದೊಡ್ಡ, ಕಡು ಹಸಿರು, ಮೆತ್ತನೆಯ ಎಲೆ ಬರುತ್ತಿದೆ, ತುದಿಯ ಬಳ್ಳಿ ಮಾತ್ರ ಬೆಳೆದು ಹೂಜಿ ಬರುತ್ತಿಲ್ಲ ಅಂದರೆ ಬೆಳಕು ಸಾಲದು. ಎಲೆ ಸ್ವಲ್ಪ ತಿಳಿ ಹಸಿರಾಗಿ, ನಡುನರದ ಹತ್ತಿರ ಕೆಂಪು ಛಾಯೆ ಇದ್ದರೆ ಸರಿಯಾಗಿದೆ. ಇಡೀ ಎಲೆ ಕೆಂಪಾಗಿ ಗಡುಸಾದರೆ ಬಿಸಿಲು ಜಾಸ್ತಿಯಾಯಿತು.

ಗಾಳಿಯ ಹಸಿ ಶೇಕಡಾ 60ರ ಮೇಲಿದ್ದರೆ ಹೂಜಿ ಚೆನ್ನಾಗಿ ಬರುತ್ತದೆ. ಕರಾವಳಿಯಲ್ಲಿ ಅದಕ್ಕಾಗಿ ಏನೂ ಮಾಡಬೇಕಾಗಿಲ್ಲ, ಉಪ್ಪು ಡಬ್ಬಿಯಲ್ಲೇ ನೀರಾಗುವ ಊರು ನಮ್ಮದು. ಎಸಿ ಹಾಕುವ ಕೋಣೆಯಲ್ಲಿ ಮಾತ್ರ ಇಡಬೇಡಿ, ಫ್ಯಾನಿನ ನೇರ ಕೆಳಗೂ ಬೇಡ. ಶಿರಸಿಯಲ್ಲಿ ಜನವರಿಯಿಂದ ಮಾರ್ಚ್‌ವರೆಗೆ ಮಧ್ಯಾಹ್ನದ ಗಾಳಿ ಒಣಗುತ್ತದೆ. ಆಗ ಎಳೆ ಹೂಜಿಗಳು ಬೆಳೆಯದೆ ತುದಿಯಲ್ಲೇ ಒಣಗಿದವು. ಸ್ಪ್ರೇ ಬಾಟಲಿಯಲ್ಲಿ ನೀರು ಹೊಡೆದು ನೋಡಿದೆವು, ಹತ್ತು ನಿಮಿಷಕ್ಕೆ ಆರಿಹೋಗುತ್ತದೆ, ಅದರಿಂದ ದೊಡ್ಡ ಪ್ರಯೋಜನ ಇಲ್ಲ. ಆಯಿ ತಮ್ಮ ಆರ್ಕಿಡ್, ಜರಿಗಿಡಗಳ ಮಧ್ಯೆ ಇದನ್ನು ಇಟ್ಟ ಮೇಲೆ ಸರಿಯಾಯಿತು. ಗಿಡಗಳು ಗುಂಪಾಗಿದ್ದರೆ ಒಂದರ ಉಸಿರು ಇನ್ನೊಂದಕ್ಕೆ.

ಶಿರಸಿಯ ಚಳಿಗಾಲದ ರಾತ್ರಿ 14-15 ಡಿಗ್ರಿಗೆ ಇಳಿದಾಗ ಗಿಡ ಬೆಳೆಯುವುದನ್ನು ನಿಲ್ಲಿಸಿ ಸುಮ್ಮನೆ ಕೂರುತ್ತದೆ. ಆಗ ನೀರು ಕಡಿಮೆ ಮಾಡಿ. ಕಾರವಾರದಲ್ಲಿ ಏಪ್ರಿಲ್, ಮೇ ತಿಂಗಳಲ್ಲೂ ಹಾಗೇ ನಿಧಾನ, ಹೂಜಿಗಳೂ ಸಣ್ಣವು. ಎರಡೂ ಊರಿನಲ್ಲಿ ಗಿಡಕ್ಕೆ ಹಬ್ಬ ಅಂದರೆ ಮಳೆ ಕಳೆದು ಬಿಸಿಲು ತಿರುಗುವ ಸೆಪ್ಟೆಂಬರ್, ಅಕ್ಟೋಬರ್.

ಮಳೆಗಾಲದ ತೊಂದರೆ ಬೇರೆ. ಜುಲೈಯಲ್ಲಿ ಘಟ್ಟದ ಮೇಲೆ ಹಗಲು ಹನ್ನೆರಡಕ್ಕೂ ದೀಪ ಬೇಕು. ಆಯಿಯ ಗಿಡ ಮೊದಲ ಮಳೆಗಾಲದಲ್ಲಿ ಒಂದೂ ಹೂಜಿ ಬಿಡಲಿಲ್ಲ. ಮುಂದಿನ ವರ್ಷ ಗಿಡದ ಮೇಲೆ ಒಂದಡಿ ಎತ್ತರದಲ್ಲಿ 20 ವ್ಯಾಟಿನ ಬಿಳಿ ಎಲ್‌ಇಡಿ ಟ್ಯೂಬ್ ಕಟ್ಟಿದೆವು. ಬೆಳಿಗ್ಗೆ ಆರಕ್ಕೆ ಹಾಕಿ ಸಂಜೆ ಆರಕ್ಕೆ ಆರಿಸುತ್ತಿದ್ದರು. ಆಗಸ್ಟಿಗೆ ಮೂರು ಹೂಜಿ ಬಂದವು. ಬಣ್ಣದ ದುಬಾರಿ ದೀಪ ಬೇಕಿಲ್ಲ.

ಪಾಟಿನೊಳಗೆ ಏನು

ಮಣ್ಣು ಬೇಡ. ಕೆಂಪು ಮಣ್ಣೂ ಬೇಡ, ತೋಟದ ಕಪ್ಪು ಮಣ್ಣೂ ಬೇಡ. ಸಮುದ್ರದ ಮರಳಂತೂ ಬೇಡವೇ ಬೇಡ.

ನಾನು ಹಾಕುವುದು ಎರಡು ಪಾಲು ಸ್ಫ್ಯಾಗ್ನಮ್ ಪಾಚಿ, ಒಂದು ಪಾಲು ಪರ್ಲೈಟ್ ಅನ್ನುವ ಹಗುರ ಬಿಳಿ ಹರಳು, ಒಂದು ಪಾಲು ಚೂರು ಮಾಡಿದ ತೆಂಗಿನ ಸಿಪ್ಪೆ, ಮೇಲೆ ಒಂದು ಹಿಡಿ ಬೂದಿ ತೊಳೆದ ಇದ್ದಿಲು. ನೀರು ಹಿಡಿಯಬೇಕು, ಆದರೂ ಗಾಳಿ ಆಡಬೇಕು. ಕೈಯಲ್ಲಿ ಹಿಂಡಿದರೆ ನಾಲ್ಕು ಹನಿ ಬಿದ್ದು ಮತ್ತೆ ಸಡಿಲ ಆಗಬೇಕು, ಅದೇ ಹದ. ಸ್ಫ್ಯಾಗ್ನಮ್ ದುಬಾರಿ, ಹೌದು. ಒಂದು ಪಾಟಿಗೆ ಸ್ವಲ್ಪವೇ ಸಾಕು, ಎರಡು ವರ್ಷ ಬರುತ್ತದೆ.

ತೆಂಗಿನ ಸಿಪ್ಪೆ, ಕೋಕೋಪೀಟ್ ವಿಷಯದಲ್ಲಿ ಕರಾವಳಿಯವರು ಜಾಗ್ರತೆ ಇರಬೇಕು. ಸಿಪ್ಪೆಯನ್ನು ಹಿನ್ನೀರಿನಲ್ಲಿ ನೆನೆಹಾಕಿರುತ್ತಾರೆ, ಅದರಲ್ಲಿ ಉಪ್ಪು ಕೂತಿರುತ್ತದೆ. ಬಕೆಟಿನಲ್ಲಿ ಒಂದು ರಾತ್ರಿ ನೆನೆಸಿ, ಹಿಂಡಿ, ನೀರು ಚೆಲ್ಲಿ, ಮತ್ತೆ ನೆನೆಸಿ. ಚೆಲ್ಲುವ ನೀರನ್ನು ಪ್ರತಿ ಸಲ ಮೀಟರಿನಲ್ಲಿ ನೋಡಿ. ನಾನು ಕಳೆದ ಸಲ ತೊಳೆದಾಗ ಮೊದಲ ನೀರು 900 ದಾಟಿತ್ತು, ಆರನೇ ನೀರಿಗೆ 60ಕ್ಕೆ ಬಂತು. ಮಳೆಗಾಲದಲ್ಲಿ ಸಿಪ್ಪೆಯನ್ನು ಗೋಣಿಚೀಲದಲ್ಲಿ ಕಟ್ಟಿ ಮಾಡಿನ ನೀರು ಬೀಳುವ ಕಡೆ ವಾರ ಇಟ್ಟರೆ ಈ ಕೆಲಸ ತಾನೇ ಆಗುತ್ತದೆ.

ಶಿರಸಿಯವರಿಗೆ ಇನ್ನೊಂದು ಮಾತು. ಅಡಿಕೆ ಮರದ ಮೇಲೆ, ಪಾಗಾರದ ಮೇಲೆ ಮಳೆಗಾಲದಲ್ಲಿ ಹಸಿರು ಪಾಚಿ ದಪ್ಪಗೆ ಬೆಳೆದಿರುತ್ತದೆ. ಪುಕ್ಕಟೆ ಸಿಗುತ್ತದಲ್ಲ ಅಂತ ಅದನ್ನೇ ತುಂಬಬೇಡಿ. ಅದು ಬೇರೆ ಪಾಚಿ, ಬೇಗ ಕೊಳೆತು ಕೆಸರಾಗುತ್ತದೆ.

ಎರಡು ವರ್ಷಕ್ಕೊಮ್ಮೆ ಪಾಟಿನೊಳಗಿನದನ್ನು ಬದಲಿಸಬೇಕು. ಈ ಗಿಡದ ಬೇರು ಆರೋಗ್ಯವಾಗಿದ್ದರೂ ಕಪ್ಪಾಗಿಯೇ ಇರುತ್ತದೆ, ನೂಲಿನಷ್ಟು ಸಪೂರ. ಕಪ್ಪು ಕಂಡು ಕೊಳೆತಿದೆ ಅಂತ ಕತ್ತರಿಸಬೇಡಿ. ಗಟ್ಟಿ ಇದ್ದರೆ ಜೀವ ಇದೆ. ಎಳೆದು ಬಿಡಿಸಬೇಡಿ, ಹಳೆಯದು ಎಷ್ಟು ತಾನಾಗಿ ಉದುರುತ್ತದೋ ಅಷ್ಟು ಸಾಕು.

ಹೂಜಿಯ ಹತ್ತಿರ ಕೂತು

ಗಿಡ ಸಾಕುವ ಖುಷಿ ಇರುವುದು ಇಲ್ಲಿ. ಎಲೆಯ ನಡುನರ ತುದಿಯನ್ನು ದಾಟಿ ಬಳ್ಳಿಯ ಹಾಗೆ ಮುಂದೆ ಚಾಚುತ್ತದೆ. ಅದರ ಕೊನೆಯಲ್ಲಿ ಮೊದಲು ಕಾಣುವುದು ಭತ್ತದ ಕಾಳಿನಷ್ಟು ಒಂದು ಮೊಗ್ಗು, ಕಂದು ರೋಮ ಹೊದ್ದದ್ದು. ಒಂದೆರಡು ವಾರ ಏನೂ ಆಗದ ಹಾಗೆ ಇರುತ್ತದೆ. ಆಮೇಲೆ ಬಳ್ಳಿ ಭಾರಕ್ಕೆ ಕೆಳಗೆ ಬಾಗುತ್ತದೆ, ಕಾಳು ಮಾತ್ರ ತಲೆ ಮೇಲೆತ್ತುತ್ತದೆ. ಚಪ್ಪಟೆಯಾಗಿ ಮಡಚಿದಂತಿದ್ದದ್ದು ಒಂದು ದಿನ ಗಾಳಿ ತುಂಬಿದ ಹಾಗೆ ಉಬ್ಬುತ್ತದೆ. ಮುಚ್ಚಳ ಇನ್ನೂ ಅಂಟಿಕೊಂಡೇ ಇರುತ್ತದೆ. ಆ ಹೊತ್ತಿನಲ್ಲಿ ಹಿಂದಿನಿಂದ ಟಾರ್ಚ್ ಹಿಡಿದು ನೋಡಿ. ಒಳಗೆ ಆಗಲೇ ನೀರಿನ ಗೆರೆ ಕಾಣುತ್ತದೆ. ಯಾರೂ ಹಾಕಿದ ನೀರಲ್ಲ, ಗಿಡವೇ ಮಾಡಿಕೊಂಡ ರಸ. ಆಮೇಲೆ ಒಂದು ಬೆಳಿಗ್ಗೆ ಮುಚ್ಚಳ ಬಿಟ್ಟುಕೊಂಡಿರುತ್ತದೆ. ಇನ್ನು ನಾಲ್ಕೈದು ದಿನದಲ್ಲಿ ಬಾಯಿಯ ತುಟಿ ಹೊರಕ್ಕೆ ಹೊರಳಿ, ಸಣ್ಣ ಸಣ್ಣ ಗೆರೆ ಮೂಡಿ, ಕೆಂಪಾಗಿ ಹೊಳೆಯುತ್ತದೆ.

ಹುಳ ಬಿದ್ದಾಗ ಮುಚ್ಚಳ ಮುಚ್ಚಿಕೊಳ್ಳುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ಒಮ್ಮೆ ತೆರೆದ ಮುಚ್ಚಳ ಮತ್ತೆ ಅಲ್ಲಾಡುವುದಿಲ್ಲ. ಮಳೆನೀರು ಬಿದ್ದು ಒಳಗಿನ ರಸ ತೆಳ್ಳಗಾಗದಿರಲಿ ಅಂತ ಅದು ಕೊಡೆಯ ಕೆಲಸ ಮಾಡುತ್ತದೆ. ಹುಳ ಹಿಡಿಯುವುದು ಆ ತುಟಿ. ನಾನು ಅದನ್ನು ಕಣ್ಣಾರೆ ನೋಡಿದ್ದೇನೆ. ಏಪ್ರಿಲ್ಲಿನ ಒಂದು ಮಧ್ಯಾಹ್ನ ಕರಿ ಇರುವೆಗಳು ತುಟಿಯ ಮೇಲೆ ಓಡಾಡಿ, ಅಲ್ಲಿ ಒಸರುವ ಸಿಹಿ ನೆಕ್ಕಿ, ಆರಾಮಾಗಿ ವಾಪಸ್ಸು ಹೋಗುತ್ತಿದ್ದವು. ಅದೇ ಹೂಜಿ, ಜುಲೈಯ ಒಂದು ಸಂಜೆ. ಕಿಟಕಿಯಿಂದ ಬಂದ ಇರಿಚಲಿಗೆ ತುಟಿ ಒದ್ದೆಯಾಗಿತ್ತು. ಇರುವೆ ಹತ್ತಿತು, ಎರಡು ಹೆಜ್ಜೆ ಇಟ್ಟಿತು, ಮುಂದಿನ ಕಾಲು ಜಾರಿತು, ಅಷ್ಟೇ. ನಾನು ಚಹಾ ಕುಡಿದು ಮುಗಿಸುವಷ್ಟರಲ್ಲಿ ಐದು ಇರುವೆ ಬಿದ್ದವು. ಆ ಗೆರೆಗಳ ಮೇಲೆ ನೀರಿನ ತೆಳು ಪದರ ಹರಡಿದಾಗ ಹುಳದ ಕಾಲಿಗೆ ಹಿಡಿತ ಸಿಗುವುದಿಲ್ಲ. ಒಣಗಿದ್ದಾಗ ಬಿಡುತ್ತದೆ, ಒದ್ದೆಯಾದಾಗ ಹಿಡಿಯುತ್ತದೆ. ಬಿಟ್ಟ ಇರುವೆ ಹೋಗಿ ಉಳಿದವನ್ನು ಕರೆತರುತ್ತದೆ.

ಆದ್ದರಿಂದ ಊಟ ಹಾಕುವ ಚಿಂತೆ ಬೇಡ. ಕಿಟಕಿ ತೆರೆದಿದ್ದರೆ ಅದು ತನಗೆ ಬೇಕಾದ್ದನ್ನು ಹಿಡಿದುಕೊಳ್ಳುತ್ತದೆ. ಏನೂ ಸಿಗದ ಮನೆಯಾದರೆ ಮೂರು ವಾರಕ್ಕೊಮ್ಮೆ ಒಂದು ಹೂಜಿಗೆ ಒಂದು ಸಣ್ಣ ಹುಳ, ಒಂದು ಸಣ್ಣ ಜಿರಳೆ ಅಥವಾ ನೊಣ ಸಾಕು. ಔಷಧಿ ಹೊಡೆದು ಸತ್ತ ಜಿರಳೆ ಹಾಕಬೇಡಿ. ಮಾಂಸ, ಮೀನಿನ ಚೂರು, ಹಾಲು, ಅನ್ನ ಬೇಡ, ಕೊಳೆತು ನಾರುತ್ತದೆ, ಹೂಜಿಯೂ ಸಾಯುತ್ತದೆ. ಜೂನ್ ಮೊದಲ ಮಳೆಗೆ ದೀಪಕ್ಕೆ ಮಳೆಹುಳ ಮುತ್ತುತ್ತವಲ್ಲ, ಆ ರಾತ್ರಿ ಗಿಡದ ಹತ್ತಿರದ ದೀಪ ಆರಿಸಿ. ಒಂದೇ ರಾತ್ರಿಯಲ್ಲಿ ನೂರು ಹುಳ ತುಂಬಿ ನನ್ನ ಎರಡು ಹೂಜಿ ಕೊಳೆತಿದ್ದವು.

ಒಳಗಿನ ರಸ ಚೆಲ್ಲಬೇಡಿ. ಮಕ್ಕಳು ಬೆರಳು ಹಾಕಿದರೆ ಏನೂ ಆಗುವುದಿಲ್ಲ, ಆದರೆ ಪಾಟ್ ಓರೆ ಮಾಡಿ ಚೆಲ್ಲಿದರೆ ಹೂಜಿ ಒಣಗುತ್ತದೆ. ಚೆಲ್ಲಿಹೋದರೆ ಕಾಲು ಭಾಗದಷ್ಟು ಮಳೆನೀರು ಹಾಕಿ. ಹಳೆಯ ಹೂಜಿ ಮೇಲಿನಿಂದ ಕಂದಾಗುತ್ತಾ ಬರುತ್ತದೆ. ಅರ್ಧ ಹಸಿರಿದ್ದಾಗ ಕತ್ತರಿಸಬೇಡಿ, ಕೆಳಗಿನ ಅರ್ಧ ಇನ್ನೂ ಕೆಲಸ ಮಾಡುತ್ತಿರುತ್ತದೆ. ಪೂರ್ತಿ ಒಣಗಿದ ಮೇಲೆ ಕತ್ತರಿ ಹಾಕಿ.

ರೋಗ ಅಂದರೆ ಎರಡೇ ನಾನು ನೋಡಿದ್ದು. ಎಲೆಯ ಸಂದಿಯಲ್ಲಿ ಬಿಳಿ ಹತ್ತಿಯಂಥ ಹಿಟ್ಟು ತಿಗಣೆ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒಂದೊಂದಾಗಿ ಒರೆಸಿ, ವಾರ ಬಿಟ್ಟು ಮತ್ತೆ ನೋಡಿ. ಇನ್ನೊಂದು, ಮಳೆಗಾಲದಲ್ಲಿ ಎಲೆಯ ಮೇಲೆ ಬರುವ ಕಂದು ಚುಕ್ಕೆ. ಗಾಳಿ ಆಡದಿದ್ದರೆ ಬರುತ್ತದೆ. ಆ ಎಲೆ ತೆಗೆದು, ಕಿಟಕಿ ತೆರೆದಿಡಿ. ಅಡಿಕೆ ಕೊಳೆಗೆ ಹೊಡೆಯಲು ಮಾಡಿದ ಬೋರ್ಡೋ ಮನೆಯಲ್ಲಿ ಇದೆಯಲ್ಲ ಅಂತ ಅದನ್ನು ಹೊಡೆಯಬೇಡಿ. ಅದರ ಮೈಲುತುತ್ತವೂ ಸುಣ್ಣವೂ ಇದಕ್ಕೆ ಆಗುವುದಿಲ್ಲ.

ಕಡ್ಡಿ ನೆಡುವುದು

ಎರಡು ಮೂರು ವರ್ಷದಲ್ಲಿ ಗಿಡ ಬಳ್ಳಿಯಾಗಿ ಉದ್ದ ಬೆಳೆಯುತ್ತದೆ. ಜೂನ್‌ನಲ್ಲಿ ಅದರ ತುದಿಯನ್ನು ಕತ್ತರಿಸಿ. ಒಂದು ಕಡ್ಡಿಗೆ ಮೂರು ಗಿಣ್ಣು ಇರಲಿ. ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಇಲ್ಲದಿದ್ದರೆ ಬೇರಿಲ್ಲದ ಕಡ್ಡಿಯ ನೀರೆಲ್ಲ ಆರಿಹೋಗುತ್ತದೆ. ಹಸಿ ಸ್ಫ್ಯಾಗ್ನಮ್ಮಿನಲ್ಲಿ ಒಂದು ಗಿಣ್ಣು ಮುಳುಗುವಂತೆ ನಿಲ್ಲಿಸಿ, ಬುಡ ಕತ್ತರಿಸಿದ ನೀರಿನ ಬಾಟಲಿಯನ್ನು ಮೇಲಿನಿಂದ ಮುಚ್ಚಿ, ಬಿಸಿಲು ಬೀಳದ ಬೆಳಕಿನಲ್ಲಿ ಇಡಿ. ಎರಡು ತಿಂಗಳಲ್ಲಿ ಗಿಣ್ಣಿನಿಂದ ಹಸಿರು ಕಣ್ಣು ಬಿಡುತ್ತದೆ. ಬೇರು ಬಂತಾ ಅಂತ ಎಳೆದು ನೋಡಬೇಡಿ. ಕತ್ತರಿಸಿದ ತಾಯಿಗಿಡವೂ ಬದಿಯಿಂದ ಎರಡು ಹೊಸ ಕವಲು ಕೊಡುತ್ತದೆ.

ಆಯಿಗೆ ಕೊಟ್ಟ ಗಿಡ ಹೀಗೇ ಆದದ್ದು. ಕುಮಟಾ ದಾಟಿ ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ಮಡಿಲಲ್ಲಿ ಇಟ್ಟುಕೊಂಡು ಒಯ್ದೆ. ತಿರುವಿನಲ್ಲಿ ರಸ ಚೆಲ್ಲಬಾರದು ಅಂತ ಎರಡು ಎಳೆ ಹೂಜಿಗಳ ಬಾಯಿಗೆ ಹತ್ತಿ ತುರುಕಿದ್ದೆ. ನೀವೂ ಪ್ರಯಾಣದಲ್ಲಿ ಹಾಗೇ ಮಾಡಿ, ಇಳಿದ ಕೂಡಲೇ ಹತ್ತಿ ತೆಗೆಯಿರಿ. ಆಯಿ ಪಾಟಿನೊಳಗೆ ಬೆರಳು ಹಾಕಿ ನೋಡಿ, "ಎಂತದೇ ತಂಗಿ, ಮಣ್ಣೇ ಇಲ್ಲೆ, ಬರೀ ನೀರು ಕುಡ್ಕಂಡು ಗಿಡ ಬದುಕ್ತಾ?" ಅಂದರು. ಮೊದಲ ಗಿಡದ ಕತೆ ಹೇಳಿದೆ. ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರು ಮಾಡಿನ ನೀರಿಗೆ ತಾಮ್ರದ ಹಂಡೆ ಇಟ್ಟಾಗಿತ್ತು. ಲೋಹದ ಪಾತ್ರೆ ಬೇಡ ಆಯಿ, ತಾಮ್ರ ಈ ಬೇರಿಗೆ ಆಗದು ಅಂತ ಪ್ಲಾಸ್ಟಿಕ್ ಕ್ಯಾನ್ ಇಡಿಸಿದೆ. ಈಗ ಜಗುಲಿಯ ಪೂರ್ವದ ಕಿಟಕಿಯ ಕೆಳಗೆ ಅಂಥ ಮೂರು ಕ್ಯಾನ್ ಸಾಲಾಗಿ ಕೂತಿವೆ. ಒಂದೊಂದರ ಮೇಲೂ ಆಯಿ ಸುಣ್ಣದಲ್ಲಿ ಬರೆದಿದ್ದಾರೆ: ಹೂಜಿ ನೀರು, ಮುಟ್ಟಬೇಡಿ.